ದಿನಾ ಓಡುವವರಿಗೆ ಬಿಪಿ ಮಾತ್ರೆ ಬೇಡ ಅನ್ನೋ ಮೆಸೇಜ್ ತಪ್ಪು

ಬೆಂಗಳೂರಿನ ಓಟದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: "40 ದಾಟದವರು ದಿನಾ ವ್ಯಾಯಾಮ ಮಾಡುತ್ತಿದ್ದರೆ ಬಿಪಿ 150/95 ಇದ್ದರೂ ಸಹಜ, ಮಾತ್ರೆ ಬೇಡ." ಇದು ತಪ್ಪು. ದಯವಿಟ್ಟು ಯಾರಿಗೂ ಕಳಿಸಬೇಡಿ.

ಚೆನ್ನಾಗಿ ಓಡುವವರ ನಾಡಿ ನಿಧಾನವಾಗಿರುವುದು ಸಹಜ. ಬಿಪಿ ಜಾಸ್ತಿ ಇರುವುದು ಸಹಜವಲ್ಲ. ಬೇರೆ ಬೇರೆ ದಿನ ಸರಿಯಾಗಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ, ವಯಸ್ಸು 28 ಆದರೂ ಅದು ಅಧಿಕ ರಕ್ತದೊತ್ತಡವೇ. ವ್ಯಾಯಾಮದಿಂದ ಬಿಪಿ ಇಳಿಯುತ್ತದೆ, ನಿಜ. ಆದರೆ ಸಾಮಾನ್ಯವಾಗಿ 5ರಿಂದ 8 ಪಾಯಿಂಟ್ ಅಷ್ಟೇ.

ಅಳೆಯುವಾಗಲೇ ಎಡವಟ್ಟು ಆಗುವುದು ಜಾಸ್ತಿ. ಜಿಮ್ ಮುಗಿಸಿದ ಮೇಲೆ, ಕಾಫಿ ಕುಡಿದ ಮೇಲೆ ಅರ್ಧ ಗಂಟೆ ಬಿಡಿ. ಬೆನ್ನು ಒರಗಿಸಿ 5 ನಿಮಿಷ ಸುಮ್ನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ತೋಳು ದಪ್ಪಗಿದ್ದರೆ ತೋಳಿಗೆ ಸುತ್ತುವ ಪಟ್ಟಿ (ಕಫ್) ದೊಡ್ಡದು ಕೇಳಿ. ಚಿಕ್ಕದು ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ಬಿಪಿ ಉಚಿತವಾಗಿ ನೋಡುತ್ತಾರೆ.

ಚಿಕ್ಕ ವಯಸ್ಸಲ್ಲಿ ಬಿಪಿ ಬಂದರೆ ಕಿಡ್ನಿ, ಹಾರ್ಮೋನು ತೊಂದರೆ ಇದೆಯಾ ಅಂತ ಡಾಕ್ಟರ ಹತ್ತಿರ ತೋರಿಸಲೇಬೇಕು. ನೋವಿನ ಮಾತ್ರೆ, ಸ್ಟೆರಾಯ್ಡ್, ಪ್ರಿ-ವರ್ಕೌಟ್ ಪುಡಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಇವೂ ಬಿಪಿ ಏರಿಸುತ್ತವೆ.

ಮಾತ್ರೆ ತಗೊಂಡರೆ ಓಟ ನಿಲ್ಲುತ್ತೆ ಅನ್ನೋ ಭಯ ಬೇಡ. ಟೆಲ್ಮಿಸಾರ್ಟನ್, ಅಮ್ಲೋಡಿಪಿನ್ ಥರದವು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಗಳು ಸುಸ್ತು ತರಬಹುದು. ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳು ಅದನ್ನು ಮೊದಲೇ ಹೇಳಿ, ಬಸಿರಲ್ಲಿ ಟೆಲ್ಮಿಸಾರ್ಟನ್ ಕೊಡುವಂತಿಲ್ಲ. ಈ ಮೆಸೇಜ್ ನಂಬಿ ಮಾತ್ರೆ ಬಿಟ್ಟಿದ್ದರೆ ಇವತ್ತೇ ನಿಮ್ಮ ಡಾಕ್ಟರ ಜೊತೆ ಮಾತಾಡಿ.