ಕಾರ್ಡು ಯಾವುದಾದರೇನು, ಸಿಕ್ಕಿಕೊಂಡಿದ್ದು ಯಾರ ದುಡ್ಡು?

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ಮೊದಮೊದಲು ಡೆಬಿಟ್ ಕಾರ್ಡನ್ನೇ ಉಜ್ಜುತ್ತಾರೆ. ಖಾತೆಯಲ್ಲಿ ಇದ್ದಷ್ಟೇ ಖರ್ಚು, ಯಾರ ಹಂಗೂ ಇಲ್ಲ ಅನ್ನುವ ಲೆಕ್ಕಾಚಾರ. ಸಾಲ ಅಂದರೆ ಮುಖ ಸಿಂಡರಿಸುವ ಮನೆಗಳಲ್ಲಿ ಬೆಳೆದವರಿಗೆ ಅದು ಸಹಜವೇ. ಆದರೆ ಇಲ್ಲಿನ ಕಾನೂನು ಓದಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಕಾರ್ಡು ಕಳುವಾಗಿ ಬೇರೆಯವರು ಖರ್ಚು ಮಾಡಿದರು ಅಂತಿಟ್ಟುಕೊಳ್ಳಿ. ಕ್ರೆಡಿಟ್ ಕಾರ್ಡಾದರೆ ನಾವು ಹೊರಬೇಕಾದ ನಷ್ಟ ಹೆಚ್ಚೆಂದರೆ 50 ಡಾಲರ್. ಡೆಬಿಟ್ ಕಾರ್ಡಿಗೆ ಬೇರೆಯೇ ಕಾನೂನು, 1978ರದ್ದು. ಗೊತ್ತಾದ 2 ಕೆಲಸದ ದಿನಗಳೊಳಗೆ ತಿಳಿಸಿದರೆ 50 ಡಾಲರ್, ತಡಮಾಡಿದರೆ 500ರವರೆಗೆ. ಸ್ಟೇಟ್‌ಮೆಂಟ್ ಕಳಿಸಿ 60 ದಿನವಾದರೂ ಸುಮ್ಮನಿದ್ದರೆ, ಆಮೇಲೆ ಹೋದದ್ದಷ್ಟೂ ನಮ್ಮ ತಲೆಗೇ ಬರಬಹುದು. ಕಾರ್ಡ್ ಕಂಪನಿಗಳು ಇದಕ್ಕಿಂತ ಉದಾರವಾಗಿ ನಡೆದುಕೊಳ್ಳುವುದುಂಟು, ನಿಜ. ಆದರೂ ತನಿಖೆ ಮುಗಿಯುವ ತನಕ ಸಿಕ್ಕಿಕೊಂಡಿರುವುದು ಯಾರ ದುಡ್ಡು? ಕ್ರೆಡಿಟ್ ಕಾರ್ಡಿನಲ್ಲಿ ಬ್ಯಾಂಕಿನದು. ತಕರಾರಿನ ಮೊತ್ತವನ್ನು ನಾವು ಕಟ್ಟದೆ ತಡೆಹಿಡಿಯಬಹುದು. ಡೆಬಿಟ್‌ನಲ್ಲಿ ಹೋಗಿರುವುದು ಮನೆ ಬಾಡಿಗೆಗೆಂದು ಇಟ್ಟುಕೊಂಡ ನಮ್ಮದೇ ದುಡ್ಡು. ಹೋಟೆಲಿನವರು ಮುಂಚಿತವಾಗಿ ಹಿಡಿದಿಡುವ ಮೊತ್ತದ ಕಥೆಯೂ ಇದೇ.

ಕ್ಯಾಶ್‌ಬ್ಯಾಕಿನ ಗುಟ್ಟೇನು ದೊಡ್ಡದಲ್ಲ. ದೊಡ್ಡ ಬ್ಯಾಂಕುಗಳು ಡೆಬಿಟ್ ವ್ಯವಹಾರಕ್ಕೆ ಅಂಗಡಿಯವರಿಂದ ಪಡೆಯುವ ಶುಲ್ಕಕ್ಕೆ ಅಮೆರಿಕದಲ್ಲಿ 2011ರಿಂದ ಮಿತಿಯಿದೆ, ಕ್ರೆಡಿಟ್‌ಗೆ ಅಂಥ ಮಿತಿಯಿಲ್ಲ. ಆ ಶುಲ್ಕದ ಒಂದು ಪಾಲೇ ನಮಗೆ ಕ್ಯಾಶ್‌ಬ್ಯಾಕ್ ಆಗಿ ಬರುವುದು. ಅಂಗಡಿಯವರು ಆ ಶುಲ್ಕವನ್ನು ಬೆಲೆಯಲ್ಲೇ ಸೇರಿಸಿದಾಗ, ನೋಟು ಎಣಿಸಿ ಕೊಡುವ ಬಡವರೂ ನಮ್ಮ ಕ್ಯಾಶ್‌ಬ್ಯಾಕಿಗೆ ಕಾಸು ಹಾಕಿದಂತಾಗುತ್ತದೆ. ಪಾಯಿಂಟುಗಳ ಬಗ್ಗೆ ಜಂಬ ಕೊಚ್ಚಿಕೊಳ್ಳುವವರು ಇದನ್ನು ಯೋಚಿಸುವುದು ಕಮ್ಮಿ.

ಇನ್ನು ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ನಮ್ಮ ಶಿಸ್ತಿಗೆ ಸಿಗುವ ಅಂಕ. ಡೆಬಿಟ್ ಕಾರ್ಡನ್ನು ಎಷ್ಟೇ ಶಿಸ್ತಾಗಿ ಬಳಸಿದರೂ ಅದಕ್ಕೆ ಲೆಕ್ಕಕ್ಕಿಲ್ಲ. ಇಲ್ಲಿ ಮನೆ ಬಾಡಿಗೆಗೆ ಕೊಡುವವರೂ ಸ್ಕೋರ್ ನೋಡುತ್ತಾರೆ.

ಇಷ್ಟು ಕಲಿತ ಮೇಲೆ ‘ಡೆಬಿಟ್ ಮುಟ್ಟಲೇಬೇಡ’ ಎಂದು ಭಾರತದಲ್ಲಿರುವ ತಮ್ಮತಂಗಿಯರಿಗೂ ಉಪದೇಶಿಸುವ ಚಾಳಿ ನಮ್ಮಲ್ಲಿದೆ. ಅದು ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ವ್ಯವಸ್ಥೆಯೇ ಬೇರೆ. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ನಿಯಮದಂತೆ, ವಂಚನೆಯಲ್ಲಿ ಬ್ಯಾಂಕಿನದ್ದೂ ಗ್ರಾಹಕನದ್ದೂ ತಪ್ಪಿಲ್ಲದಿದ್ದರೆ, ಸೂಚನೆ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟವನಿಗೆ ನಷ್ಟವಿಲ್ಲ. 10 ಕೆಲಸದ ದಿನಗಳಲ್ಲಿ ದುಡ್ಡು ಖಾತೆಗೆ ಮರಳಬೇಕು. ಕ್ರೆಡಿಟ್‌ಗೂ ಡೆಬಿಟ್‌ಗೂ ಅದೇ ನಿಯಮ. ಮೇಲಿಂದ ಒಟಿಪಿ ಕಾವಲು ಬೇರೆ. ಒಟಿಪಿಯನ್ನು ನಾವೇ ಹೇಳಿಬಿಟ್ಟರೆ ಮಾತ್ರ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದೇ, ಕಾರ್ಡು ಯಾವುದೇ ಇರಲಿ.

ಬಡ್ಡಿಯ ವಿಷಯಕ್ಕೆ ಬಂದರೆ ಭಾರತದ ಕ್ರೆಡಿಟ್ ಕಾರ್ಡೇ ಹೆಚ್ಚು ಕ್ರೂರಿ. ಅಮೆರಿಕದಲ್ಲಿ ವರ್ಷಕ್ಕೆ ಶೇ. 20 ದಾಟಿದರೆ ನಾವು ಹೌಹಾರುತ್ತೇವೆ. ಅಲ್ಲಿ ತಿಂಗಳಿಗೆ ಶೇ. 3.5 ಸಾಮಾನ್ಯ, ಅಂದರೆ ವರ್ಷಕ್ಕೆ 42. ಬಾಕಿ 50,000 ರೂಪಾಯಿ ಇದ್ದು, ಕನಿಷ್ಠ ಮೊತ್ತವೆಂದು ಶೇ. 5ರಂತೆ 2,500 ಕಟ್ಟಿದರೆ, 1,750 ಬಡ್ಡಿಗೇ ಹೋಗಿ ಅಸಲಿನಲ್ಲಿ ಕರಗುವುದು 750 ಮಾತ್ರ. ಬಡ್ಡಿಯ ಮೇಲಿನ ಜಿಎಸ್‌ಟಿ ಇದರಲ್ಲಿ ಸೇರಿಲ್ಲ. ಸಾಲದ್ದಕ್ಕೆ, ಬಾಕಿ ಉಳಿಸಿಕೊಂಡರೆ ಹೊಸ ಖರೀದಿಗೂ ಆ ದಿನದಿಂದಲೇ ಬಡ್ಡಿ ಶುರು.

ಹಾಗಾಗಿ ಇಲ್ಲಿರುವವರಿಗೆ ನನ್ನ ಸಲಹೆ: ಡೆಬಿಟ್ ಕಾರ್ಡು ಎಟಿಎಂಗೆ ಸಾಕು, ಕ್ರೆಡಿಟ್ ಬಿಲ್ಲಿಗೆ ಪೂರ್ತಿ ಮೊತ್ತದ ಆಟೋಪೇ ಹಾಕಿ. ಭಾರತದಲ್ಲಿ, ತಿಂಗಳ ಕೊನೆಗೆ ಕೈ ಖಾಲಿಯಾಗುವವರು ಡೆಬಿಟ್ ಮತ್ತು ಯುಪಿಐನಲ್ಲೇ ಇದ್ದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ವಿದೇಶಿ ಜಾಲತಾಣಗಳು ಒಟಿಪಿ ಕೇಳದೆಯೂ ದುಡ್ಡು ಎಳೆಯಬಲ್ಲವು. ಅಂಥ ಖರೀದಿಗೆ ಕಡಿಮೆ ಮಿತಿಯ ಒಂದು ಕ್ರೆಡಿಟ್ ಕಾರ್ಡು ಇಟ್ಟುಕೊಂಡು, ಡೆಬಿಟ್ ಕಾರ್ಡಿನ ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲೇ ಆಫ್ ಮಾಡಿಡಬಹುದು.