ನಾಲ್ಕು ಜನ ಎತ್ತಿದರೆ ಟ್ರಾಲಿ

ಗೇಟು ಹಾಕಿ ಹತ್ತು ನಿಮಿಷ ಆಗಿತ್ತು. ರೈಲು ಹೋಯಿತು. ಬೈಕಿನವರೆಲ್ಲ ಸ್ಟಾರ್ಟ್ ಮಾಡಿಕೊಂಡರು, ಹಿಂದಿದ್ದ ಆಟೋ ಹಾರ್ನ್ ಹೊಡೆಯಿತು. ಗೇಟ್‌ಮನ್ ಮಾತ್ರ ಗೇಟು ಎತ್ತಲಿಲ್ಲ. 'ಇನ್ನೊಂದು ಬರ್ತಾ ಇದೆ, ಇರ್ರೀ' ಅಂದ. ವಂದೇ ಭಾರತ್ ಇರಬೇಕು ಅಂತ ನಾಲ್ಕೈದು ಜನ ವಿಡಿಯೊ ಮಾಡಲು ಮೊಬೈಲ್ ಎತ್ತಿ ಹಿಡಿದರು. ತಿರುವಿನಲ್ಲಿ ಮೊದಲು ಕಂಡಿದ್ದು ಒಂದು ಕೊಡೆ.

ಕೊಡೆಯ ಕೆಳಗೆ ಒಂದು ಬೆಂಚು. ಬೆಂಚಿನ ಮೇಲೆ ಟೋಪಿ, ಕರಿ ಕನ್ನಡಕ, ತೊಡೆಯ ಮೇಲೊಂದು ಡೈರಿ ಇಟ್ಟುಕೊಂಡ ಸಾಹೇಬರು. ಬೆಂಚಿನ ಅಡಿಯಲ್ಲಿ ನಾಲ್ಕು ಕಬ್ಬಿಣದ ಚಕ್ರ. ಬೆನ್ನ ಹಿಂದೆ ಇಬ್ಬರು ಓಡುತ್ತಾ ತಳ್ಳುತ್ತಿದ್ದಾರೆ. ಹಳಿಯ ಪಕ್ಕದಲ್ಲಿ ಅಲ್ಲ, ಹಳಿಯ ಮೇಲೆ. ಎಡಗಡೆ ಹಳಿ ಒಬ್ಬನಿಗೆ, ಬಲಗಡೆ ಹಳಿ ಇನ್ನೊಬ್ಬನಿಗೆ. ಹಳಿಯ ತಲೆ ಎಷ್ಟು ಅಗಲ ಅಂದುಕೊಂಡಿದ್ದೀರಿ? ಸುಮಾರು 7 ಸೆಂಟಿಮೀಟರ್. ನಾಲ್ಕು ಬೆರಳು ಕೂಡಿಸಿದರೆ ಮುಗಿಯಿತು. ಅದರ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೆಳಗೆ ನೋಡದೆ, ಒಂದು ಹೆಜ್ಜೆ ತಪ್ಪದೆ ಓಡುತ್ತಿದ್ದಾರೆ. ಇದೇ ಸರ್ಕಸ್ಸಿನಲ್ಲಿ ಆಗಿದ್ದರೆ ಟಿಕೆಟ್ ಇಟ್ಟು, ಕೆಳಗೆ ಬಲೆ ಕಟ್ಟುತ್ತಿದ್ದರು. ಇಲ್ಲಿ ಕೆಳಗೆ ಜಲ್ಲಿ. ಇನ್ನಿಬ್ಬರು ಹಿಂದಿನ ಹಲಗೆಯ ಮೇಲೆ ಕೆಂಪು ಬಾವುಟ ಹಿಡಿದು ತಮ್ಮ ಪಾಳಿಗೆ ಕಾಯುತ್ತಾ ಕೂತಿದ್ದರು.

ಮೇಲೆ ತಂತಿಯಲ್ಲಿ 25,000 ವೋಲ್ಟ್ ಕರೆಂಟು. ಕೆಳಗೆ ಎರಡು ಜೊತೆ ಕಾಲು. ನಡುವೆ ಸಾಹೇಬರು.

ಮೊಬೈಲುಗಳು ಇಳಿದವು. ನನಗೆ ಮಾತ್ರ ಇದು ವಂದೇ ಭಾರತ್‌ಗಿಂತ ಜಾಸ್ತಿ ಅನ್ನಿಸಿತು. ಆ ರೈಲಿಗಾದರೂ ಒಂದು ಸ್ಪೀಡ್ ಲಿಮಿಟ್ ಇದೆ, ಇದಕ್ಕೆ ಕಾಲದ ಲಿಮಿಟ್ಟೇ ಇಲ್ಲ. ದೇಶದ ಮೊದಲ ಪ್ಯಾಸೆಂಜರ್ ರೈಲು ಮುಂಬಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ. ಅದನ್ನು ಎಳೆದ ಉಗಿ ಎಂಜಿನ್ನಿನ ಕಾಲ ಮುಗಿದುಹೋಯಿತು. ಡೀಸೆಲ್ ಬಂತು, ಅದೂ ಮೂಲೆ ಸೇರುತ್ತಿದೆ. ಸಾಹೇಬರ ಬೆಂಚು ಅಲ್ಲೇ ಇದೆ.

ರೈಲ್ವೆ ಸಾಹೇಬರು ಹಳಿ ಪರೀಕ್ಷೆ ಮಾಡಲು ಕೂತು ಹೋಗುವ ಈ ಬೆಂಚಿನ ಹೆಸರು ಪುಶ್ ಟ್ರಾಲಿ. ಸರ್ಕಾರಿ ಹೆಸರುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ನಾನು ಇನ್ನೊಂದು ಕಂಡಿಲ್ಲ. ತಳ್ಳುವ ಗಾಡಿ, ಅಷ್ಟೇ. ಯಾರು ತಳ್ಳುತ್ತಾರೆ ಅಂತ ಮಾತ್ರ ಹೆಸರಿನಲ್ಲಿ ಹೇಳಿಲ್ಲ.

ಬೇರೆ ದೇಶಗಳಲ್ಲಿ ಇದೇ ಗಾಡಿಗೆ ಏನೇನಾಯಿತು ನೋಡಿ. 1817ರಲ್ಲಿ ಜರ್ಮನಿಯ ಮನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಅನ್ನೋನು ಮರದ ಎರಡು ಚಕ್ರ ಜೋಡಿಸಿ, ಮೇಲೆ ಕೂತು, ಕಾಲಿನಿಂದ ನೆಲ ಒದ್ದುಕೊಂಡು ಓಡಿದ. ನಮ್ಮ ಸೈಕಲ್ಲಿನ ಅಜ್ಜ ಅದು. ಹಳಿಯ ಮೇಲೆ ಓಡುವ ಪುಟ್ಟ ಗಾಡಿಗಳಿಗೂ ಯುರೋಪಿನಲ್ಲಿ ಅವನ ಹೆಸರೇ ಅಂಟಿಕೊಂಡು 'ಡ್ರೈಸೀನ್' ಆಯಿತು. ಈ ಡ್ರೈಸ್ ಯಾರು ಗೊತ್ತಾ? ಅರಣ್ಯ ಇಲಾಖೆಯ ಅಧಿಕಾರಿ. ಅಧಿಕಾರಿಯಾಗಿದ್ದೂ ತನ್ನ ಗಾಡಿಯನ್ನು ತನ್ನ ಕಾಲಿನಿಂದಲೇ ತಳ್ಳಿಕೊಂಡ! ಅವನಿಗೆ ಯಾರೂ ಪ್ರೋಟೋಕಾಲ್ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ.

ಅಮೆರಿಕದಲ್ಲಿ ಹಳಿ ರಿಪೇರಿಯವರು ಏತದ ಹಾಗೆ ಮೇಲೆ ಕೆಳಗೆ ಆಡುವ ಒಂದು ಹಿಡಿಕೆ ಇಟ್ಟರು. ಈ ಕಡೆ ಒಬ್ಬ ಒತ್ತಿದರೆ ಆ ಕಡೆಯವನದು ಏಳುತ್ತದೆ, ಗಾಡಿ ಓಡುತ್ತದೆ. ಹಳೇ ಸಿನಿಮಾಗಳಲ್ಲಿ ಕಳ್ಳರು ಓಡಿಹೋಗೋದು ಇದರಲ್ಲೇ. ಗಮನಿಸಬೇಕಾದ್ದು ಏನಂದ್ರೆ, ಗಾಡಿಯಲ್ಲಿ ಇರುವವರೆಲ್ಲ ಒತ್ತಲೇಬೇಕು. ಡೈರಿ ಹಿಡಿದುಕೊಂಡು ಕೂರಲು ಜಾಗವೇ ಇಲ್ಲ.

ಮಿಷಿಗನ್ ರಾಜ್ಯದ ತ್ರೀ ರಿವರ್ಸ್ ಊರಿನ ಜಾರ್ಜ್ ಶೆಫೀಲ್ಡ್‌ನ ಕಥೆ ಇನ್ನೂ ಮಜವಾಗಿದೆ. ಕೆಲಸ ಮುಗಿಸಿ ಮನೆಗೆ ನಡೆದು ನಡೆದು ಸಾಕಾಗಿ, 1877ರ ಸುಮಾರಿಗೆ ಅವನೇ ಒಂದು ಮೂರು ಚಕ್ರದ ಗಾಡಿ ಮಾಡಿಕೊಂಡ. ಎರಡು ಚಕ್ರ ಒಂದು ಹಳಿಯ ಮೇಲೆ, ಪಕ್ಕಕ್ಕೆ ಚಾಚಿದ ತೋಳಿನ ತುದಿಯಲ್ಲಿ ಮೂರನೇದು ಇನ್ನೊಂದು ಹಳಿಯ ಮೇಲೆ. ರಾತ್ರಿ ಹೊತ್ತು ಕದ್ದುಮುಚ್ಚಿ ರೈಲ್ವೆಯವರ ಹಳಿಯ ಮೇಲೆ ಮನೆಗೆ ಹೋಗುತ್ತಿದ್ದನಂತೆ. ಒಂದು ರಾತ್ರಿ ದಾರಿಯಲ್ಲಿ ಮುರಿದ ಹಳಿ ಕಂಡಿತು. ಎದುರು ಬರುತ್ತಿದ್ದ ರೈಲು ನಿಲ್ಲಿಸಿದ. ರೈಲ್ವೆಯವರು ಬೈಯಲಿಲ್ಲ, ನಮಗೂ ಇಂಥದ್ದು ಮಾಡಿಕೊಡು ಅಂದರಂತೆ. 1879ರಲ್ಲಿ ಪೇಟೆಂಟ್ ಆಯಿತು. ನಮ್ಮಲ್ಲಿ ಆಗಿದ್ದರೆ ಮೊದಲು ಅತಿಕ್ರಮ ಪ್ರವೇಶದ ಕೇಸು, ಆಮೇಲೆ ಗಾಡಿ ಜಪ್ತಿ, ಕೊನೆಗೆ ಮುರಿದ ಹಳಿಗೆ ವಿವರಣೆ ಕೊಡು ಅಂತ ಅವನಿಗೇ ನೋಟಿಸ್.

ಆಮೇಲೆ ಪೆಟ್ರೋಲ್ ಎಂಜಿನ್ ಕೂತಿತು. ಪಟಪಟ ಸದ್ದು ಮಾಡುವ ಸ್ಪೀಡರ್‌ಗಳು ಬಂದವು. ಅದೂ ಹಳತಾಗಿ, ರಸ್ತೆ ಮೇಲೂ ಹಳಿ ಮೇಲೂ ಓಡುವ ಜೀಪು, ಲಾರಿಗಳು ಬಂದವು. ಅಂತೂ ಅಲ್ಲಿ ಹೆಜ್ಜೆ ಹೆಜ್ಜೆಗೂ ಓಡುವವನ ಕಾಲಿಗೆ ಬಿಡುವು ಸಿಗುತ್ತಾ ಹೋಯಿತು. ನಮ್ಮಲ್ಲಿ ಬೆಂಚಿಗೆ ಒರಗು ಬಂತು, ಒರಗಿಗೆ ಕುಶನ್ ಬಂತು, ತಲೆ ಮೇಲೆ ಕೊಡೆ ಬಂತು. ಪಲ್ಲಕ್ಕಿ ಹೊತ್ತು, ಹೊರಿಸಿಕೊಂಡು ಅಭ್ಯಾಸ ಇರುವ ದೇಶಕ್ಕೆ ಚಕ್ರ ಸಿಕ್ಕಿದರೆ ಇನ್ನೇನಾಗುತ್ತದೆ? ಪಲ್ಲಕ್ಕಿಗೆ ಚಕ್ರ ಬರುತ್ತದೆ.

ಎಂಜಿನ್ ನಮಗೆ ಗೊತ್ತೇ ಇರಲಿಲ್ಲ ಅಂತಲ್ಲ. ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ ನೋಡಿ. ರಸ್ತೆ ಮೇಲೆ ಓಡುತ್ತಿದ್ದ ಹಳೇ ಆಸ್ಟಿನ್ ಕಾರಿಗೆ ರೈಲು ಚಕ್ರ ಹಾಕಿ ಹಳಿ ನೋಡಲು ಓಡಿಸಿದ್ದ ಗಾಡಿ ಅಲ್ಲಿದೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಾರು ಮ್ಯೂಸಿಯಂ ಸೇರಿತು, ತಳ್ಳೋ ಬೆಂಚು ಲೈನಿನಲ್ಲೇ ಉಳಿಯಿತು. ಲೆಕ್ಕ ಎಲ್ಲೋ ಅದಲುಬದಲಾಗಿದೆ.

ಇನ್ನು ರೂಲ್ ಬುಕ್. ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ ಟ್ರಾಲಿ ಅಂದರೇನು ಅಂತ ಬರೆದಿದೆ. ನಾಲ್ಕು ಜನ ಹಳಿಯಿಂದ ಅನಾಮತ್ತಾಗಿ ಎತ್ತಿ ಹೊರಗಿಡಬಹುದಾದ ಗಾಡಿ ಟ್ರಾಲಿ. ಅದಕ್ಕಿಂತ ಭಾರವಾದದ್ದು ಲಾರಿ. ಕೆ.ಜಿ. ಇಲ್ಲ, ಅಡಿ ಇಲ್ಲ, ಅಂಗುಲ ಇಲ್ಲ. ಅಳತೆಗೋಲು ನಾಲ್ಕು ಜನ. ಎಂಥ ನಾಲ್ಕು ಜನ, ಬೆಳಗ್ಗೆ ಮುದ್ದೆ ತಿಂದವರೋ ಉಪವಾಸ ಇರೋರೋ, ಅದನ್ನೂ ಹೇಳಿಲ್ಲ. ತೂಕದ ಅಳತೆಗೆ ಮನುಷ್ಯರನ್ನೇ ಬಟ್ಟು ಮಾಡಿಕೊಂಡ ಇಲಾಖೆ ಇನ್ನೊಂದು ಇದ್ದರೆ ತಿಳಿಸಿ. ಆ ನಾಲ್ಕರಲ್ಲಿ ಬೆಂಚಿನ ಮೇಲಿರುವ ಐದನೆಯವರು ಸೇರಿಲ್ಲ ಅನ್ನೋದನ್ನು ಬಿಡಿಸಿ ಹೇಳಬೇಕಾಗಿಲ್ಲ ತಾನೆ.

ಸುಮ್ನೆ ಬೈಯೋದು ಬೇಡ, ಈ ನಿಯಮದಲ್ಲಿ ಒಂದು ಬುದ್ಧಿ ಇದೆ. ರೈಲು ಬಂದರೆ ಟ್ರಾಲಿ ದಾರಿ ಬಿಡಬೇಕು. ಬೇಗ ಎತ್ತುವಂತಿದ್ದರೆ ಎರಡು ರೈಲುಗಳ ನಡುವಿನ ಬಿಡುವಿನಲ್ಲೇ ಕೆಲಸ ಮುಗಿಸಬಹುದು. ಮೋಟಾರ್ ಟ್ರಾಲಿಯೂ ನಮ್ಮಲ್ಲಿದೆ. ಆದರೆ ಅದನ್ನು ರೈಲಿನ ಹಾಗೇ ನಡೆಸಬೇಕು, ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಲೈನ್ ಬಿಡಿಸಿಕೊಳ್ಳಬೇಕು. ಅದೆಲ್ಲ ರಗಳೆ. ನಾಲ್ಕು ಜನ ಇದ್ದರೆ ಯಾವ ರಗಳೆಯೂ ಇಲ್ಲ.

ನಿಧಾನವಾಗಿ ಹೋದರೇ ಹಳಿ ಚೆನ್ನಾಗಿ ಕಾಣೋದು ಅಂತ ಇನ್ನೊಂದು ವಾದವಿದೆ. ಅದೂ ನಿಜ. ಸಡಿಲವಾದ ಕ್ಲಿಪ್ಪು, ಕುಸಿದ ಜಲ್ಲಿ, ಹಳಿಯ ಅಡಿಗೆ ಅಡ್ಡಲಾಗಿ ಹಾಕಿದ ಸ್ಲೀಪರಿನ ಬಿರುಕು ಓಡುವ ರೈಲಿನಿಂದ ಕಾಣೋದಿಲ್ಲ. ಆದರೆ ನಿಧಾನಕ್ಕೆ ಹೋಗಬೇಕು ಅನ್ನೋದೇ ಮುಖ್ಯವಾದರೆ, ಅದಕ್ಕೆ ರೈಲ್ವೆಯಲ್ಲಿ ಆಗಲೇ ಒಬ್ಬ ಇದ್ದಾನೆ. ಕೀಮನ್. ಹೆಗಲ ಮೇಲೆ ಸ್ಪ್ಯಾನರ್, ಸುತ್ತಿಗೆ, ಬಾವುಟ ಹೊತ್ತು ದಿನಾ ಬೆಳಗ್ಗೆ ತನ್ನ ಪಾಲಿನ ಕಿಲೋಮೀಟರುಗಳನ್ನು ನಡೆದೇ ನೋಡಿ ಬರುತ್ತಾನೆ. ಅವನಿಗೆ ಕೊಡೆಯೂ ಇಲ್ಲ, ಹಿಂದೆ ತಳ್ಳುವವರೂ ಇಲ್ಲ. ಅವನ ಜೊತೆಯವರಿಗೆ ಇಲಾಖೆ ಮಾಡಿದ ದೊಡ್ಡ ಉಪಕಾರ ಅಂದರೆ ಹೆಸರು ಬದಲಾಯಿಸಿದ್ದು. ಗ್ಯಾಂಗ್‌ಮನ್ ಇದ್ದವರು ಟ್ರ್ಯಾಕ್‌ಮನ್ ಆದರು, ಟ್ರ್ಯಾಕ್‌ಮನ್ ಇದ್ದವರು ಟ್ರ್ಯಾಕ್ ಮೇಂಟೇನರ್ ಆದರು. ಸುತ್ತಿಗೆಯ ತೂಕ ಅಷ್ಟೇ ಇದೆ.

2020ರಲ್ಲಿ ಒಂದು ಒಳ್ಳೇ ಸುದ್ದಿ ಬಂತು. ನಮ್ಮ ರೈಲ್ವೆ ಎಂಜಿನಿಯರುಗಳೇ ಹಳಿಯ ಮೇಲೆ ತುಳಿದುಕೊಂಡು ಹೋಗುವ ಸೈಕಲ್ ಮಾಡಿದರು. ಮಾಮೂಲಿ ಸೈಕಲ್ಲಿಗೆ ಪೈಪು ಜೋಡಿಸಿ, ಪಕ್ಕದ ಹಳಿಗೆ ಚಕ್ರ ಇಳಿಬಿಟ್ಟದ್ದು. ಒಬ್ಬನೇ ಎತ್ತಿ ಇಡಬಹುದಾದಷ್ಟು ಹಗುರ. ಪತ್ರಿಕೆಗಳು ಹೊಗಳಿದವು, ನಾನೂ ಖುಷಿಪಟ್ಟೆ. ಶೆಫೀಲ್ಡ್ ಪೇಟೆಂಟ್ ತೆಗೆದು ಬರೀ 141 ವರ್ಷ ಆಗಿತ್ತು. ಆದರೆ ಅದರಲ್ಲಿ ಒಂದು ದೊಡ್ಡ ತೊಂದರೆ ಇದೆ. ಕೂತವನೇ ತುಳಿಯಬೇಕು.

ಅದೇ ವರ್ಷ ಆಗಸ್ಟ್‌ನಲ್ಲಿ ರೈಲ್ವೆ ಮಂಡಳಿ ಸಾಹೇಬರ ಮನೆ ಕೆಲಸಕ್ಕೆ ಹೊಸದಾಗಿ ಬಂಗಲೆ ಜವಾನರನ್ನು ನೇಮಿಸುವುದನ್ನು ನಿಲ್ಲಿಸಿತು. ಬ್ರಿಟಿಷರ ಕಾಲದ ಪದ್ಧತಿ, ಇನ್ನು ಸಾಕು ಅಂತ. 2025ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಮಾಥೇರಾನ್ ಬೆಟ್ಟದಲ್ಲಿ ಮನುಷ್ಯರು ಎಳೆಯುವ ರಿಕ್ಷಾಗಳನ್ನು ಆರು ತಿಂಗಳಲ್ಲಿ ನಿಲ್ಲಿಸಿ ಅಂದಿತು. ಮನುಷ್ಯ ಮನುಷ್ಯನನ್ನು ಎಳೆಯಬಾರದು ಅಂತ. ಸರಿಯಾಗೇ ಇದೆ. ನಮ್ಮವರು ಎಲ್ಲಿ ಎಳೆಯುತ್ತಾರೆ? ತಳ್ಳುತ್ತಾರೆ.

ಕಾಂಬೋಡಿಯದ ಬಟ್ಟಂಬಾಂಗ್ ಕಡೆ 'ನೋರಿ' ಅನ್ನೋ ಬಿದಿರಿನ ಗಾಡಿ ಇದೆ. ಹಳಿಯ ಮೇಲೆ ಎರಡು ಅಚ್ಚು, ಮೇಲೊಂದು ಬಿದಿರಿನ ತಟ್ಟಿ, ಹಿಂದೆ ಸಣ್ಣ ಎಂಜಿನ್. ಇರೋದು ಒಂದೇ ಲೈನು. ಎದುರುಬದುರು ಸಿಕ್ಕಿದರೆ ಕಮ್ಮಿ ಲೋಡು ಇರುವ ಗಾಡಿಯವರು ಇಳಿದು, ಗಾಡಿ ಬಿಚ್ಚಿ ಪಕ್ಕಕ್ಕಿಟ್ಟು ದಾರಿ ಬಿಡುತ್ತಾರೆ. ಬಡ ದೇಶದವರು ಜಗಳ ಇಲ್ಲದೆ ಮಾಡಿಕೊಂಡ ನಿಯಮ. ಅದನ್ನು ಇಲ್ಲಿ ತಂದರೆ ಕಷ್ಟ. ಯಾರ ಲೋಡು ಜಾಸ್ತಿ ಅಂತ ತೀರ್ಮಾನ ಮಾಡಲು ಇಬ್ಬರು ಸಾಹೇಬರ ಸೀನಿಯಾರಿಟಿ ಲಿಸ್ಟು ತರಿಸಬೇಕಾಗುತ್ತದೆ.

ಅಷ್ಟರಲ್ಲಿ ನಮ್ಮ ಟ್ರಾಲಿ ಗೇಟಿನ ಹತ್ತಿರ ಬಂದು ನಿಂತಿತು. ಸಾಹೇಬರು ಇಳಿದು ಗೇಟಿನ ರಿಜಿಸ್ಟರ್ ನೋಡಲು ಕೋಣೆಯೊಳಗೆ ಹೋದರು. ನಾಲ್ವರೂ 'ಹಾ... ಹೂಂ' ಅಂತ ಒಂದೇ ಉಸಿರಿಗೆ ಟ್ರಾಲಿ ಎತ್ತಿ ಪಕ್ಕಕ್ಕಿಟ್ಟರು. ಗೇಟು ತೆಗೆದರು, ಜನ ಹೋದರು. ನಾನು ಬೈಕನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿದೆ.

ಅವರಲ್ಲಿ ಹಿರಿಯ ಒಬ್ಬ ಶೂ ಬಿಚ್ಚಿ ಒಳಗಿನ ಜಲ್ಲಿ ಪುಡಿ ಕೊಡವುತ್ತಿದ್ದ. ಶೂವಿನ ಅಡಿ ನಟ್ಟನಡುವೆ, ಹಳಿಯಷ್ಟೇ ಅಗಲಕ್ಕೆ ಸವೆದು ಒಂದು ಕಾಲುವೆಯಾಗಿತ್ತು.

'ಸುಸ್ತಾಗಲ್ವಾ ಅಣ್ಣಾ?' ಅಂದೆ.

'ಓಡೋವಾಗ ಆಗಲ್ಲ ಸಾರ್. ನಿಂತರೆ ಆಗುತ್ತೆ.'

'ಎಲ್ಲೂ ಆರಾಮ ಸಿಗಲ್ವಾ?'

ಅವನು ನಕ್ಕ. 'ಮುಂಚೆ ಘಾಟಿನಲ್ಲಿದ್ದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಸೋವಾಗ ಆರಾಮ. 50 ಅಡಿಗೆ ಒಂದಡಿ ಇಳಿಜಾರು ಸಾರ್. ತಳ್ಳೋ ಮಾತೇ ಇಲ್ಲ, ಬ್ರೇಕ್ ಹಿಡಿದರೆ ಸಾಕು. ನಾವೂ ಸಾಹೇಬರ ಪಕ್ಕದಲ್ಲೇ ಕೂತ್ಕೊಂಡು ಸುರಂಗ ಎಣಿಸ್ತಾ ಇದ್ವಿ. 57 ಇದಾವೆ.'

ಸಂವಿಧಾನದ ಸಮಾನತೆ ಎಲ್ಲಿದೆ ಅಂತ ಹುಡುಕುವವರು ಈ 55 ಕಿಲೋಮೀಟರ್ ಘಾಟಿಗೆ ಹೋಗಿಬರಬಹುದು. ಇಳಿಯುವಾಗ ಮಾತ್ರ. ಹತ್ತುವಾಗ ಹೇಗೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸಾಹೇಬರು ಕೋಣೆಯಿಂದ ಹೊರಗೆ ಬಂದರು. ಪಾಪ, ಅವರದೂ ಬೆವರಿತ್ತು. ನಾಲ್ವರೂ ಎದ್ದು ಟ್ರಾಲಿ ಹಳಿಗೆ ಇಟ್ಟರು. ಸಾಹೇಬರು ಕೂತರು, ಕೊಡೆ ಸರಿಯಾಯಿತು, ಡೈರಿ ತೊಡೆ ಮೇಲೆ ಬಂತು.

ಹಿರಿಯವನು ಹಳಿ ಹತ್ತುವ ಮುಂಚೆ ಬಗ್ಗಿ ಮೆಲ್ಲಗೆ ಹೇಳಿದ. 'ಸಾರ್, ಹಿಂದೆ ಆ ಸೇತುವೆ ದಾಟಿದ ಮೇಲೆ ಬಲಗಡೆ ವೆಲ್ಡಿಂಗ್ ಹತ್ರ ಹಳಿ ಒಂಚೂರು ಕೂತಿದೆ. ಕಾಲಿಗೆ ಸಿಕ್ತು.'

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

'ಎಷ್ಟನೇ ಕಂಬ?'