ಸಾಹಿತ್ಯಕ್ಕೆ ಎಷ್ಟು ಪಾಯಿಂಟ್ ರೀ?

ಅಮೆರಿಕದ ಹೈಸ್ಕೂಲುಗಳಲ್ಲಿ ಮುಂದಿನ ವರ್ಷದ ಕೋರ್ಸ್ ಆರಿಸುವ ಕಾಲ ಬಂತೆಂದರೆ, ಗಣಿತ, ವಿಜ್ಞಾನದ ಬಗ್ಗೆ ನಮ್ಮ ಕನ್ನಡ ಅಪ್ಪ-ಅಮ್ಮಂದಿರಿಗೆ ಗೊಂದಲವೇ ಇಲ್ಲ. ಇರುವುದರಲ್ಲಿ ಯಾವುದು ಕಷ್ಟವೋ ಅದು. ಪೇಚಾಟ ಶುರುವಾಗುವುದು ಇಂಗ್ಲಿಷಿನಲ್ಲಿ. 11ನೇ ಕ್ಲಾಸಿಗೆ ಮಾಮೂಲಿ ಅಮೆರಿಕನ್ ಲಿಟರೇಚರ್, ಅದರದೇ ಸ್ವಲ್ಪ ಕಷ್ಟದ ಹಾನರ್ಸ್, ಇಲ್ಲಾಂದ್ರೆ ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ) ಲ್ಯಾಂಗ್ವೇಜ್. 12ಕ್ಕೆ ಎ.ಪಿ. ಲಿಟರೇಚರ್, ಅದೂ ಬೇಡವೆಂದರೆ ಹತ್ತಿರದ ಕಮ್ಯುನಿಟಿ ಕಾಲೇಜು.

ಯಾವ ಕ್ಲಾಸಿನಲ್ಲಿ ಯಾವ ಪುಸ್ತಕ ಓದಿಸುತ್ತಾರೆ ಅಂತ ಕೇಳಬೇಡಿ, ಜನ ವಿಚಿತ್ರವಾಗಿ ನೋಡುತ್ತಾರೆ. ಕೇಳಬೇಕಾದ್ದು ವೆಯಿಟೆಡ್ಡಾ, ಅಲ್ವಾ ಅಂತ. ಅಂದರೆ ಕಷ್ಟದ ಕ್ಲಾಸಿಗೆ ಹೆಚ್ಚು ಪಾಯಿಂಟ್ ಕೊಡ್ತಾರಾ ಅಂತ. ಮಾಮೂಲಿ ಕ್ಲಾಸಿನ ‘ಎ’ ಗ್ರೇಡಿಗೆ 4 ಪಾಯಿಂಟ್, ಎ.ಪಿ.ಯಲ್ಲಿ ಅದೇ ‘ಎ’ಗೆ ಬಹಳಷ್ಟು ಶಾಲೆಗಳು 5 ಕೊಡುತ್ತವೆ. ಮಾಮೂಲಿ ಕ್ಲಾಸಿನ ಹುಡುಗಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿ ಓದಿ ಬಿಕ್ಕಿ ಬಿಕ್ಕಿ ಅತ್ತರೂ ಅದು 4 ಪಾಯಿಂಟಿನ ಅಳು.

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತು ಕೇಳಿ ನೋಡಿ.

“ನಿಮ್ಮ ಮಗಳು ಇಂಗ್ಲಿಷಿಗೆ ಏನು ತಗೊಂಡ್ಲು ರೀ?”

“ಅಮೆರಿಕನ್ ಲಿಟ್.”

“ಹಾನರ್ಸಾ?”

“ಇಲ್ಲ, ಮಾಮೂಲಿ. ಅವಳಿಗೆ ಕಥೆ ಓದೋದು ಇಷ್ಟ.”

ಕೋಸಂಬರಿ ಬಡಿಸುತ್ತಿದ್ದ ಸೌಟು ಅಲ್ಲೇ ನಿಲ್ಲುತ್ತದೆ. “ಅಯ್ಯೋ, ಮಗು ಹುಷಾರಾಗಿದೆ ತಾನೇ?”

ಇದರಲ್ಲಿ ಇನ್ನೊಂದು ಮಜಾ ಇದೆ. ಎಷ್ಟೋ ಶಾಲೆಗಳಲ್ಲಿ 11ರಲ್ಲಿ ಎ.ಪಿ. ಲ್ಯಾಂಗ್ವೇಜ್ ತಗೊಂಡವರು ಅಮೆರಿಕನ್ ಲಿಟರೇಚರ್ ತಗೊಳ್ಳಬೇಕಾಗಿಲ್ಲ. ಎ.ಪಿ. ಲ್ಯಾಂಗ್ವೇಜಿನಲ್ಲಿ ಹೆಚ್ಚಾಗಿ ಭಾಷಣ, ಪ್ರಬಂಧ, ಪತ್ರಿಕೆಯ ಲೇಖನ. ಕೆಲವು ಮೇಷ್ಟ್ರುಗಳು ಮನಸ್ಸು ತಡೆಯದೆ ಒಂದೆರಡು ಕಾದಂಬರಿ ಸೇರಿಸುತ್ತಾರೆ, ಪಾಪ. ಅಂತೂ ಜಾಣರಿಗೆ ಸಾಹಿತ್ಯದಿಂದ ವಿನಾಯಿತಿ, ಉಳಿದವರಿಗೆ ಅದು ಕಡ್ಡಾಯ.

ಸರಿ, 12ರಲ್ಲಿ ಎ.ಪಿ. ಲಿಟರೇಚರ್ ಇದೆಯಲ್ಲ ಅಂತೀರಾ? ಮೇ ತಿಂಗಳಲ್ಲಿ ಪರೀಕ್ಷೆ. ಒಂದು ಗಂಟೆಯಲ್ಲಿ 55 ಪ್ರಶ್ನೆ, ಕವಿಗೆ ಏನನ್ನಿಸಿತು ಎಂಬುದಕ್ಕೆ ಎ, ಬಿ, ಸಿ, ಡಿ ಗುರುತು ಹಾಕಬೇಕು. ಆಮೇಲೆ ಎರಡು ಗಂಟೆಯಲ್ಲಿ 3 ಪ್ರಬಂಧ, ಒಂದೊಂದಕ್ಕೆ 6 ಅಂಕ. ಅದರಲ್ಲಿ 1 ಅಂಕದ ಹೆಸರು ‘ಸೊಫಿಸ್ಟಿಕೇಶನ್’! ನಲವತ್ತು ನಿಮಿಷದಲ್ಲಿ ವಾದ ಕಟ್ಟಿ, ಉದಾಹರಣೆ ಕೊಟ್ಟು, ಕೊನೆಗೆ ಸ್ವಲ್ಪ ಪ್ರೌಢಿಮೆಯನ್ನೂ ಉದುರಿಸಬೇಕು, ಊಟಕ್ಕೆ ಮೇಲೆ ಕೊತ್ತಂಬರಿ ಸೊಪ್ಪು ಹಾಕಿದ ಹಾಗೆ. ಮೂರನೇ ಪ್ರಬಂಧಕ್ಕೆ ಪುಸ್ತಕವನ್ನು ನೀವೇ ಆರಿಸಬಹುದು. ಹಾಗಾಗಿ ಮಕ್ಕಳು ಯಾವ ಪ್ರಶ್ನೆಗೂ ಒಗ್ಗುವಂಥ ಒಂದು ಕಾದಂಬರಿಯನ್ನು ರೆಡಿ ಮಾಡಿಟ್ಟುಕೊಳ್ಳುತ್ತಾರೆ. ಪ್ರೀತಿ ಕೇಳಿದರೂ ಅದೇ, ದ್ರೋಹ ಕೇಳಿದರೂ ಅದೇ.

ಇಷ್ಟೆಲ್ಲ ಒದ್ದಾಟ ಆ ಒಂದು ಪಾಯಿಂಟಿಗೆ ತಾನೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಸೀಟು ಕೊಡುವಾಗ ಎಕ್ಸ್‌ಟ್ರಾ ಪಾಯಿಂಟನ್ನು 8 ಸೆಮಿಸ್ಟರಿಗೆ ಮಾತ್ರ ಲೆಕ್ಕ ಹಿಡಿಯುತ್ತದೆ. ಅಂದರೆ ವರ್ಷಪೂರ್ತಿಯ 4 ಕೋರ್ಸು. ನಮ್ಮ ಮಕ್ಕಳು ಆ ಎಂಟನ್ನು ಕ್ಯಾಲ್ಕುಲಸ್, ಫಿಸಿಕ್ಸಿನಲ್ಲೇ ಮುಗಿಸಿರುತ್ತಾರೆ. ಇದನ್ನು ವಾಟ್ಸಾಪ್ ಗ್ರೂಪಿನಲ್ಲಿ ಹೇಳಿ ನೋಡಿ. “ಆದ್ರೂ ಇರಲಿ ಬಿಡಿ ಸರ್, ಟ್ರಾನ್ಸ್‌ಕ್ರಿಪ್ಟಿನಲ್ಲಿ ಚೆನ್ನಾಗಿ ಕಾಣತ್ತೆ.”

ಅಪ್ಪಿತಪ್ಪಿ ಅಪ್ಪಂದಿರು ಪಠ್ಯದ ಮೇಲೆ ಕಣ್ಣಾಡಿಸಿದರೆ ಇನ್ನೂ ಕಷ್ಟ. ‘ವಾಲ್ಡೆನ್’ ಬರೆದ ಥೋರೋ 1837ರ ಹಾರ್ವರ್ಡ್ ಪದವೀಧರ. ಎಂಟು ವರ್ಷದ ಮೇಲೆ ಕೊಳದ ಪಕ್ಕ ಪುಟ್ಟ ಮನೆ ಕಟ್ಟಿಕೊಂಡು, ಬೀನ್ಸ್ ಬೆಳೆದುಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ. ಇದನ್ನು ಮಗ ವಿವರಿಸಿದರೆ ಅಪ್ಪನಿಗೆ ಉಳಿಯುವ ಪ್ರಶ್ನೆ ಒಂದೇ: “ಹಾರ್ವರ್ಡ್ ಮುಗಿಸಿ ಬೀನ್ಸಾ? ಅವರಪ್ಪ ಏನೂ ಅನ್ನಲಿಲ್ವಂತಾ?”